ಪ್ರಯೋಗಾಲಯದ ಇಲಿ ನಮಗೆ ಕಲಿಸುವ ಪಾಠ

(ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



 

ಮಾದಕ ವಸ್ತುಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ನನ್ನನ್ನು ಕೇಳಿದಾಗ ನನಗೆ ಮೊದಲು ಸಂಕೋಚವಾಯಿತು. ನಾನು ವೈದ್ಯೆಯಲ್ಲ, ವಿಜ್ಞಾನದ ಶಿಕ್ಷಕಿಯೂ ಅಲ್ಲ. ಮಕ್ಕಳಿಗೆ ಉರ್ದು ಮತ್ತು ಕನ್ನಡ ಕಲಿಸುವವಳು. ನಶೆ ಹರಾಮ್ ಎಂಬುದನ್ನು ಇಲ್ಲಿರುವ ಐದನೆಯ ತರಗತಿಯ ಮಗುವೂ ಹೇಳಬಲ್ಲದು. ಅದನ್ನು ಹೇಳಲು ಆಲಿಮರಿದ್ದಾರೆ, ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಮಾತಾಡಬೇಕೆಂದಿರುವುದು ಅದರ ಮುಂದಿನ ಪ್ರಶ್ನೆಯ ಬಗ್ಗೆ. ತಪ್ಪು ಎಂದು ಗೊತ್ತಿದ್ದೂ, ಬೇಡ ಎಂದು ತಾನೇ ಅತ್ತುಕೊಂಡು ಹೇಳಿದರೂ, ಒಬ್ಬ ಹುಡುಗ ಅದನ್ನು ಏಕೆ ಬಿಡಲಾರ? ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಒಂದು ಇಲಿಯಿಂದ. ನಗಬೇಡಿ. ಇಲಿಯಿಂದಲೇ.

ಮೊದಲು ಆ ಹುಡುಗನ ವಿಷಯ ಹೇಳುತ್ತೇನೆ. ಹೆಸರು ಹೇಳುವುದಿಲ್ಲ, ಯಾವ ಶಾಲೆ ಎಂದೂ ಹೇಳುವುದಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಒಂಬತ್ತನೆಯ ತರಗತಿಯಲ್ಲಿದ್ದ. ಅಕ್ಷರ ಮುತ್ತಿನಂತೆ ಇತ್ತು. ಉರ್ದುವನ್ನು ಬಲದಿಂದ, ಕನ್ನಡವನ್ನು ಎಡದಿಂದ, ಎರಡನ್ನೂ ಒಂದೇ ಅಂದದಲ್ಲಿ ಬರೆಯುತ್ತಿದ್ದ. ಆಮೇಲಾಮೇಲೆ ಬೆಂಚಿನ ಮೇಲೆ ತಲೆಯಿಟ್ಟು ಮಲಗತೊಡಗಿದ. ಕಣ್ಣು ಕೆಂಪು, ಮೂಗಿನ ಸುತ್ತ ಗಾಯ, ಬರವಣಿಗೆ ಸೊಟ್ಟಗಾಯಿತು. ಒಂದು ದಿನ ಅವನ ಕೈಯಲ್ಲಿದ್ದ ಕರವಸ್ತ್ರದಿಂದ ಪಂಕ್ಚರ್ ಅಂಗಡಿಯ ವಾಸನೆ ಬಂತು. ಸೈಕಲ್ ಟ್ಯೂಬಿಗೆ ಹಚ್ಚುವ ಸಲ್ಯೂಷನ್ ಅದು. ಹಿಂದುಮುಂದು ನೋಡದೆ ಇಡೀ ತರಗತಿಯ ಎದುರು ನಿಲ್ಲಿಸಿ ಬೈದೆ. ಕರವಸ್ತ್ರವನ್ನು ಎಲ್ಲರಿಗೂ ತೋರಿಸಿದೆ. ತಂದೆಯನ್ನು ಕರೆಸಿದೆವು. ತಂದೆ ಅಲ್ಲೇ ಕೈ ಎತ್ತಿದರು. ಮಾರನೆಯ ವಾರ ಹುಡುಗ ಶಾಲೆ ಬಿಟ್ಟ. ನಾನು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ನನ್ನ ಕರ್ತವ್ಯ ಮಾಡಿದೆ ಎಂದೇ ಅಂದುಕೊಂಡಿದ್ದೆ.

ಆ ಕೆಂಪು ಗೆರೆ ನನ್ನನ್ನು ಓದಲು ಹಚ್ಚಿತು. ಬಿ.ಎಡ್. ಓದುವಾಗ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಇಲಿ, ಪೆಟ್ಟಿಗೆ, ಸನ್ನೆ ಎಂದೆಲ್ಲ ಐದು ಅಂಕಕ್ಕೆ ಬಾಯಿಪಾಠ ಮಾಡಿದ್ದೆ. ಈ ಸಲ ಅಂಕಕ್ಕಲ್ಲದೆ ಓದಿದೆ. ಅರ್ಥವಾಗದ್ದನ್ನು ನಮ್ಮ ವಿಜ್ಞಾನದ ಮೇಷ್ಟ್ರನ್ನು ಕಾಡಿ ಕೇಳಿದೆ.

ಇಲಿಯೇ ಏಕೆ ಎಂದು ನೀವು ಕೇಳಬಹುದು. ಇಲಿಯ ಮೆದುಳು ತೂಗಿದರೆ ಸುಮಾರು 2 ಗ್ರಾಂ, ನಮ್ಮದು ಸುಮಾರು 1,300 ರಿಂದ 1,400 ಗ್ರಾಂ. ಅದರಲ್ಲಿ ಸುಮಾರು 20 ಕೋಟಿ ನರಕೋಶಗಳಿದ್ದರೆ ನಮ್ಮಲ್ಲಿ ಸುಮಾರು 8,600 ಕೋಟಿ. ಗಾತ್ರದಲ್ಲಿ ಆಕಾಶ ಭೂಮಿಯ ಅಂತರ. ಆದರೆ ಹಸಿವು, ಭಯ, ಸುಖ, ಆಸೆ ಇವುಗಳನ್ನು ನಡೆಸುವ ಒಳಭಾಗಗಳು ಎರಡರಲ್ಲೂ ಒಂದೇ ನಕ್ಷೆಯಲ್ಲಿವೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳೂ ಅವೇ. ಅರಮನೆಗೂ ಗುಡಿಸಲಿಗೂ ಗಾತ್ರ ಬೇರೆಯಾದರೂ ಒಲೆ, ಬಾಗಿಲು, ದೀಪ ಎರಡರಲ್ಲೂ ಇರುವಂತೆ.

ಈ ರಾಸಾಯನಿಕಗಳ ಕಥೆಯಲ್ಲಿ ನಮ್ಮ ದೇಶದ ಒಂದು ಗಿಡಕ್ಕೂ ಪಾಲಿದೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧ. ಹುಚ್ಚು ಹಿಡಿದವರನ್ನು ಶಾಂತಗೊಳಿಸಲು ಹಕೀಮರೂ ವೈದ್ಯರೂ ಅದರ ಬೇರನ್ನು ಕೊಡುತ್ತಿದ್ದರು. ಹಕೀಮ್ ಅಜ್ಮಲ್ ಖಾನರ ಪ್ರೋತ್ಸಾಹದಿಂದ ದೆಹಲಿಯ ತಿಬ್ಬಿಯಾ ಕಾಲೇಜಿಗೆ ಬಂದ ರಸಾಯನ ವಿಜ್ಞಾನಿ ಸಲೀಮುಝ್ಝಮಾನ್ ಸಿದ್ದೀಖಿಯವರು 1931ರಲ್ಲಿ ಆ ಬೇರಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಹಕೀಮರ ನೆನಪಿಗೆ 'ಅಜ್ಮಲಿನ್' ಎಂದು ಹೆಸರಿಟ್ಟರು. 1952ರಲ್ಲಿ ಸ್ವಿಟ್ಜರ್ಲೆಂಡಿನವರು ಅದೇ ಬೇರಿನಿಂದ 'ರಿಸರ್ಪೀನ್' ತೆಗೆದರು. ರಿಸರ್ಪೀನ್ ಕೊಟ್ಟ ಪ್ರಾಣಿಗಳು ಕದಲದೆ, ಕಣ್ಣು ಮುಚ್ಚಿ, ಕಲ್ಲಿನಂತೆ ಕೂರುತ್ತಿದ್ದವು. ಅವುಗಳ ಮೆದುಳಿನಲ್ಲಿ ಕೆಲವು ರಾಸಾಯನಿಕಗಳು ಬರಿದಾಗಿದ್ದವು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್ ಅಂಥ ಮೊಲಗಳಿಗೆ, ಡೋಪಮೈನ್ ಆಗಿ ಮಾರ್ಪಡುವ ಒಂದು ವಸ್ತುವನ್ನು ಕೊಟ್ಟಾಗ ಅವು ಎದ್ದು ಓಡಾಡಿದವು. ಮುಂದೆ 2000ದಲ್ಲಿ ಅವರಿಗೆ ನೊಬೆಲ್ ಬಂತು. ಗಿಡದ ಬೇರಿನ ಚೂರೊಂದು ಮೆದುಳಿನ ರಸವನ್ನು ಬದಲಿಸಿ ನಡತೆಯನ್ನೇ ಬದಲಿಸಬಲ್ಲದು ಎಂಬುದು ಹೀಗೆ ಲೋಕಕ್ಕೆ ತಿಳಿಯಿತು. ನೆನಪಿಡಿ, ಔಷಧವೂ ನಶೆಯೂ ತಟ್ಟುವುದು ಅದೇ ಬಾಗಿಲನ್ನು.

ಈಗ ಇಲಿಯ ಬಳಿಗೆ ಬರೋಣ. ನಮ್ಮ ಜಾಲಹಳ್ಳಿಯಲ್ಲಿ ಬಿಇಎಲ್ ಕಾರ್ಖಾನೆ ಸ್ಥಾಪನೆಯಾದ 1954ರಲ್ಲೇ, ಕೆನಡಾದ ಮಾಂಟ್ರಿಯಲ್‌ನಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ಇಬ್ಬರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಲಿಯ ಮೆದುಳಿನೊಳಗೆ ಕೂದಲಿನಂಥ ತಂತಿ ಇಟ್ಟು, ಪಂಜರದ ಸನ್ನೆಯನ್ನು ಇಲಿಯೇ ಒತ್ತಿದರೆ ಅತಿ ಸಣ್ಣ ವಿದ್ಯುತ್ತು ಹರಿಯುವಂತೆ ಮಾಡಿದರು. ಕೆಲವು ಜಾಗಗಳಲ್ಲಿ ತಂತಿ ಇದ್ದ ಇಲಿಗಳು ಸನ್ನೆಯನ್ನು ಬಿಡಲೇ ಇಲ್ಲ. ಮುಂದಿನ ಪ್ರಯೋಗಗಳಲ್ಲಿ ಗಂಟೆಗೆ ಸಾವಿರಾರು ಸಲ ಒತ್ತಿದ ಇಲಿಗಳಿದ್ದವು. ಹಸಿದಿದ್ದರೂ ಪಕ್ಕದಲ್ಲಿದ್ದ ಆಹಾರವನ್ನು ಬಿಟ್ಟು ಒತ್ತಿದವು.

ಇದೇ ದಾರಿಯ ಮಹತ್ವದ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆದಿದೆ ಎಂಬುದು ಎಷ್ಟು ಜನರಿಗೆ ಗೊತ್ತು? ಹೊಸೂರು ರಸ್ತೆಯ ನಿಮ್ಹಾನ್ಸ್ ಎಂದರೆ ನಮ್ಮ ಜನ "ಹುಚ್ಚಾಸ್ಪತ್ರೆ" ಎಂದು ನಕ್ಕು ಸುಮ್ಮನಾಗುತ್ತಾರೆ. ಅಲ್ಲಿಯ ನರಶರೀರಕ್ರಿಯಾ ವಿಭಾಗದಲ್ಲಿ ಟಿ. ದೇಶಿರಾಜು, ಬಿ.ಎಲ್. ಮೇಟಿ, ಟಿ.ಆರ್. ರಾಜು, ಬಿ.ಎಸ್. ಶಂಕರನಾರಾಯಣ ರಾವ್ ಮುಂತಾದ ವಿಜ್ಞಾನಿಗಳು 1990ರ ದಶಕದಲ್ಲಿ ಇಲಿಗಳಿಗೆ ಹೀಗೆ ತಾವೇ ಪೆಡಲು ಒತ್ತುವ ಅವಕಾಶ ಕೊಟ್ಟರು. ದಿನಕ್ಕೆ ಒಂದೇ ಗಂಟೆ, ಒಟ್ಟು 10 ದಿನ. ಆಮೇಲೆ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲೂ ಚಲನೆಯನ್ನು ನಡೆಸುವ ಭಾಗದಲ್ಲೂ ನರಕೋಶಗಳ ಕವಲುಗಳು ಹೆಚ್ಚಾಗಿದ್ದವು. ಡೋಪಮೈನ್ ಮುಂತಾದ ರಾಸಾಯನಿಕಗಳ ಪ್ರಮಾಣವೂ ಏರಿತ್ತು. ಇದರ ಅರ್ಥವೇನು? ಸುಖದ ಅನುಭವ ಬಂದು ಹೋಗುವ ಗಾಳಿಯಲ್ಲ. ಅದು ಮೆದುಳಿನ ಆಕಾರವನ್ನೇ ತಿದ್ದುತ್ತದೆ. ಕೇವಲ ಹತ್ತು ಗಂಟೆಯ ಅನುಭವ ಸಾಕು.

ಹಾಗಾದರೆ ಮಾದಕ ವಸ್ತುಗಳು ಏನು ಮಾಡುತ್ತವೆ? 1988ರಲ್ಲಿ ಇಟಲಿಯ ಡಿ ಕಿಯಾರಾ ಮತ್ತು ಇಂಪೆರಾಟೊ ಎಂಬ ವಿಜ್ಞಾನಿಗಳು, ಓಡಾಡುತ್ತಿರುವ ಇಲಿಗಳ ಮೆದುಳಿನಿಂದಲೇ ಹನಿ ಹನಿ ದ್ರವ ತೆಗೆದು ಅಳೆದರು. ಹೆಂಡದ ಸಾರವಾದ ಆಲ್ಕೋಹಾಲ್, ಹೊಗೆಸೊಪ್ಪಿನ ನಿಕೋಟಿನ್, ಅಫೀಮಿನ ಮಾರ್ಫಿನ್, ಕೊಕೇನ್, ಆಂಫೆಟಮೈನ್, ಎಲ್ಲವೂ ಮೆದುಳಿನ ಒಂದೇ ಪುಟ್ಟ ಭಾಗದಲ್ಲಿ ಡೋಪಮೈನನ್ನು ಏರಿಸಿದವು. ಬಾಗಿಲು ಬೇರೆ ಬೇರೆ, ಅಂಗಳ ಒಂದೇ.

ನಮ್ಮ ಮನೆಗಳ ಸಂಪಿನ ಉದಾಹರಣೆ ಕೊಡುತ್ತೇನೆ. ಒಂದು ನರಕೋಶ ಎರಡರ ನಡುವಿನ ಸಂದಿಗೆ ಡೋಪಮೈನನ್ನು ಬಿಡುತ್ತದೆ, ಕೆಲಸವಾದ ಕೂಡಲೇ ತಾನೇ ವಾಪಸು ಹೀರಿಕೊಳ್ಳುತ್ತದೆ. ನಲ್ಲಿಯಿಂದ ಬಂದಷ್ಟು ನೀರು ಕೊಳವೆಯಲ್ಲಿ ಹೋದ ಹಾಗೆ. ಕೊಕೇನ್ ಆ ಹೋಗುವ ಕೊಳವೆಯನ್ನು ಮುಚ್ಚುತ್ತದೆ. ಆಂಫೆಟಮೈನ್ ಟ್ಯಾಂಕಿನಲ್ಲಿ ಇದ್ದದ್ದನ್ನೆಲ್ಲ ಹೊರಗೆ ತಳ್ಳುತ್ತದೆ. ಅಫೀಮಿನ ಜಾತಿಯವು ನಲ್ಲಿಯನ್ನು ಬಿಗಿ ಹಿಡಿದಿರುವ ಕಾವಲುಗಾರನನ್ನೇ ಮಲಗಿಸುತ್ತವೆ. ನಿಕೋಟಿನ್ ನಲ್ಲಿಯನ್ನು ಮತ್ತೆ ಮತ್ತೆ ತಿರುವುತ್ತದೆ. ಆ ಹುಡುಗನ ಸಲ್ಯೂಷನ್ನಿನಲ್ಲಿ ಇರುವಂಥ ಟೊಲ್ಯೂಈನ್ ಎಂಬ ದ್ರಾವಕವೂ ಇಲಿಗಳಲ್ಲಿ ಇದೇ ಡೋಪಮೈನ್ ನರಕೋಶಗಳನ್ನು ಕೆಣಕುತ್ತದೆ. ಮೂಗಿನಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಮೆದುಳಿಗೆ ಕೆಲವೇ ಸೆಕೆಂಡಿನಲ್ಲಿ ತಲುಪುತ್ತದೆ. ಬಹುಕಾಲ ಎಳೆದರೆ ನರತಂತುಗಳ ಮೇಲಿನ ಹೊದಿಕೆ ಹಾಳಾಗುತ್ತದೆ. ಕೈ ನಡುಗುವುದು, ನೆನಪು ಕೆಡುವುದು ಅದರಿಂದಲೇ. ಹೃದಯದ ಬಡಿತ ತಪ್ಪಿ ಒಂದೇ ಸಲಕ್ಕೆ ಸತ್ತ ಮಕ್ಕಳೂ ಇದ್ದಾರೆ.

ನಲ್ಲಿ ದಿನವೂ ಹೀಗೆ ಉಕ್ಕಿದರೆ ಮನೆಯವರು ಏನು ಮಾಡುತ್ತಾರೆ? ವಾಲ್ವ್ ತಿರುಗಿಸಿ ಹರಿವನ್ನು ತಗ್ಗಿಸುತ್ತಾರೆ. ಮೆದುಳೂ ಹಾಗೆಯೇ. ಡೋಪಮೈನಿಗೆ ಓಗೊಡುವ ಶಕ್ತಿಯನ್ನೇ ಅದು ಕಡಿಮೆ ಮಾಡಿಕೊಳ್ಳುತ್ತದೆ. ಆಗ ಕ್ರಿಕೆಟ್ಟು, ಅಮ್ಮನ ಕೈಯಡುಗೆ, ಗೆಳೆಯರ ಹರಟೆ ಎಲ್ಲವೂ ಸಪ್ಪೆ. ನಶೆ ಕೂಡ ಮೊದಲಿನಷ್ಟು ಕೊಡುವುದಿಲ್ಲ. ಆದರೂ ಬಿಡಲಾಗದು. ಏಕೆ?

ಇಲ್ಲಿ ನನ್ನ ಉರ್ದು ಕೆಲಸಕ್ಕೆ ಬಂತು. ನಾವು 'ಲುತ್ಫ್' ಎಂದರೆ ಸವಿ ಎನ್ನುತ್ತೇವೆ, 'ತಲಬ್' ಎಂದರೆ ಎಳೆತ, ಬೇಕೇ ಬೇಕೆಂಬ ತುಡಿತ. ಬೀಡಿ ಸೇದುವವರು, ಪಾನ್ ಅಗಿಯುವವರು "ತಲಬ್ ಆಗಿದೆ" ಎನ್ನುವುದನ್ನು ನೀವೇ ಕೇಳಿದ್ದೀರಿ. ಅಮೆರಿಕದ ಬೆರಿಜ್ ಮತ್ತು ರಾಬಿನ್ಸನ್ ಎಂಬ ವಿಜ್ಞಾನಿಗಳು ಇಲಿಗಳಲ್ಲಿ ಡೋಪಮೈನನ್ನು ಬಹುಪಾಲು ಇಲ್ಲವಾಗಿಸಿದಾಗ, ಅವು ಎದುರಿಗಿದ್ದ ಆಹಾರದ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಬಾಯಿಗೆ ಸಿಹಿ ಹನಿಸಿದರೆ ಮೊದಲಿನಂತೆಯೇ ತುಟಿ ಸವರಿಕೊಂಡವು. ಲುತ್ಫ್ ಉಳಿದಿತ್ತು, ತಲಬ್ ಹೋಗಿತ್ತು. ನಶೆಗೆ ಬಿದ್ದವನದು ಇದರ ತಲೆಕೆಳಗು. ಲುತ್ಫ್ ಹೋಗಿದೆ, ತಲಬ್ ಬೆಳೆಯುತ್ತಲೇ ಇದೆ. "ಮಜಾಕ್ಕಾಗಿ ಮಾಡುತ್ತಾನೆ" ಎಂದು ನಾವು ಬೈಯುವಾಗ ಆ ಹುಡುಗನಲ್ಲಿ ಮಜಾ ಎಂಬುದು ಎಂದೋ ಮುಗಿದಿರುತ್ತದೆ.

ಪೋಷಕರು ಇನ್ನೊಂದು ಮಾತನ್ನು ಗಮನಿಸಬೇಕು. "ಎರಡು ತಿಂಗಳಿಂದ ಮುಟ್ಟಿಲ್ಲ, ಸರಿಹೋದ" ಎಂದು ನಾವು ನಿಟ್ಟುಸಿರು ಬಿಡುತ್ತೇವೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೊಕೇನ್ ರೂಢಿಯಾದ ಇಲಿಗಳಿಗೆ ಅದನ್ನು ನಿಲ್ಲಿಸಿ, ಆಗ ಬೆಳಗುತ್ತಿದ್ದ ದೀಪವನ್ನು ಮಾತ್ರ ಮತ್ತೆ ತೋರಿಸಿದರು. ಮೊದಲ ದಿನಕ್ಕಿಂತ ಅರವತ್ತು ದಿನಗಳ ನಂತರ ಅವು ಹೆಚ್ಚು ಆತುರದಿಂದ ಸನ್ನೆ ಒತ್ತಿದವು. ತಲಬ್ ಕಾಲದೊಂದಿಗೆ ಆರದೆ ಕೆಲಕಾಲ ಬಲಿಯುತ್ತದೆ. ಜಾಗಕ್ಕೂ ಇಂಥದೇ ಶಕ್ತಿ ಇದೆ. ಕೆನಡಾದ ಶೆಪರ್ಡ್ ಸೀಗಲ್ ಮತ್ತು ಜೊತೆಗಾರರು 1982ರಲ್ಲಿ ತೋರಿಸಿದಂತೆ, ಹೆರಾಯಿನ್ ರೂಢಿಯಾದ ಇಲಿಗಳಿಗೆ ಅದೇ ಕೋಣೆಯಲ್ಲಿ ದೊಡ್ಡ ಪ್ರಮಾಣ ಕೊಟ್ಟಾಗ ಶೇಕಡಾ 32 ಸತ್ತವು, ಬೇರೆ ಜಾಗದಲ್ಲಿ ಅಷ್ಟೇ ಪ್ರಮಾಣ ಕೊಟ್ಟಾಗ ಶೇಕಡಾ 64 ಸತ್ತವು. ಪರಿಚಿತ ಜಾಗವನ್ನು ಕಂಡ ಕೂಡಲೇ ದೇಹ ವಿಷವನ್ನು ಎದುರಿಸಲು ಸಿದ್ಧವಾಗುತ್ತದೆ, ಆ ಸಿದ್ಧತೆಯೇ ತಲಬ್ಬಿನಂತೆ ಕಾಡುತ್ತದೆ. ಹಳೆಯ ಮೂಲೆ, ಹಳೆಯ ಗೋಡೆ, ಹಳೆಯ ಜೊತೆ ಕಂಡರೆ ಹುಡುಗನ ಕಾಲು ತಾನಾಗಿ ಅತ್ತ ತಿರುಗುವುದು ಇದಕ್ಕೇ.

ಈಗ ನಮ್ಮ ಪಕ್ಕದ ಜಿಕೆವಿಕೆಗೆ ಬನ್ನಿ. ಬಳ್ಳಾರಿ ರಸ್ತೆಯಲ್ಲಿ, ಯಲಹಂಕಕ್ಕೆ ಹೋಗುವಾಗ ಸಿಗುವ ಆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇದೆ, ಎನ್‌ಸಿಬಿಎಸ್ ಎನ್ನುತ್ತಾರೆ. ಅಲ್ಲಿಯ ಸುಮಂತ್ರ ಚಟರ್ಜಿ ಮತ್ತು ಜೊತೆಗಾರರು ನಿಮ್ಹಾನ್ಸ್‌ನ ಶಂಕರನಾರಾಯಣ ರಾವ್ ಅವರೊಂದಿಗೆ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇದರಲ್ಲಿ ಯಾವ ನಶೆಯೂ ಇಲ್ಲ. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಹಿಡಿದಿಟ್ಟರು. ಅಷ್ಟೇ. ಪರಿಣಾಮ ಏನಾಯಿತು? ನೆನಪಿನ ಭಾಗದ ನರಕೋಶಗಳ ಕವಲುಗಳು ಕುಗ್ಗಿದವು. ಭಯದ ಭಾಗವಾದ ಅಮಿಗ್ಡಲಾದ ಕವಲುಗಳು ಬೆಳೆದವು. ಇಲಿಗಳು ಹೆಚ್ಚು ಅಂಜುಬುರುಕವಾದವು. 2004ರ ಮುಂದಿನ ಅಧ್ಯಯನದಲ್ಲಿ 21 ದಿನ ಸುಮ್ಮನೆ ಬಿಟ್ಟು ನೋಡಿದಾಗ ನೆನಪಿನ ಭಾಗ ಚೇತರಿಸಿಕೊಂಡಿತ್ತು, ಭಯದ ಭಾಗ ಹಾಗೆಯೇ ಉಳಿದಿತ್ತು. ಪಾಠ ಮರೆಸುವ, ಭಯ ಬೆಳೆಸುವ ಇಂಥ ಹತ್ತು ದಿನಗಳನ್ನು ನಾವು ಮನೆಯಲ್ಲಿ, ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಕೊಟ್ಟಿದ್ದೇವೆ?

ಇದಕ್ಕೂ ನಶೆಗೂ ಸಂಬಂಧ ಇದೆ. 1995ರಲ್ಲಿ ಮಾಂಟ್ರಿಯಲ್‌ನ ಶಹಾಮ್ ಮತ್ತು ಸ್ಟೂವರ್ಟ್ ಎಂಬ ವಿಜ್ಞಾನಿಗಳು, ಹೆರಾಯಿನ್ ರೂಢಿಯಾಗಿ ಆಮೇಲೆ ಸನ್ನೆಯನ್ನು ಮರೆತಿದ್ದ ಇಲಿಗಳ ಪಾದಕ್ಕೆ ಸಣ್ಣ ವಿದ್ಯುತ್ ಪೆಟ್ಟು ಕೊಟ್ಟರು. ನೋವಾದ ಇಲಿ ಏನು ಮಾಡಬೇಕಿತ್ತು? ಹೆದರಿ ಮೂಲೆ ಸೇರಬೇಕಿತ್ತು. ಅದು ನೇರವಾಗಿ ಹಳೆಯ ಸನ್ನೆಯ ಬಳಿಗೆ ಹೋಗಿ ಒತ್ತತೊಡಗಿತು.

ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ತರಗತಿಯ ಎದುರು ನಾನು ಎತ್ತಿ ತೋರಿಸಿದ ಕರವಸ್ತ್ರ, ಅವನ ತಂದೆ ಎತ್ತಿದ ಕೈ, ನಾನೆಳೆದ ಕೆಂಪು ಗೆರೆ, ಇವೆಲ್ಲ ಆ ವಿದ್ಯುತ್ ಪೆಟ್ಟುಗಳೇ ಆಗಿದ್ದವು. ಬಿಡಿಸಲು ಹೋಗಿ ನಾವು ಅವನನ್ನು ಸನ್ನೆಯ ಬಳಿಗೇ ಓಡಿಸಿದ್ದೆವು.

ಹಾಗೆಂದು ರುಚಿ ನೋಡಿದವರೆಲ್ಲ ದಾಸರಾಗುತ್ತಾರೆ ಎಂದಲ್ಲ. 2004ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವಿಜ್ಞಾನಿಗಳು ಮೂರು ತಿಂಗಳು ಕೊಕೇನ್ ಸಿಗುವಂತೆ ಇಟ್ಟ ಇಲಿಗಳಲ್ಲಿ ಸುಮಾರು ಶೇಕಡಾ 17 ಮಾತ್ರ, ಶಿಕ್ಷೆ ಸಿಕ್ಕರೂ ಬಿಡದ ಪೂರ್ಣ ದಾಸರಾದವು. ಆದರೆ ವಿದ್ಯಾರ್ಥಿಗಳೇ, ಆ ಹದಿನೇಳರಲ್ಲಿ ನೀವು ಇದ್ದೀರೋ ಇಲ್ಲವೋ ಎಂದು ಮೊದಲೇ ತಿಳಿಯುವ ಪರೀಕ್ಷೆ ಇಲ್ಲ. ಜೊತೆಗೆ ತಡೆದು ನಿಲ್ಲಿಸುವ ಮುಂಮೆದುಳು ಮನುಷ್ಯರಲ್ಲಿ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಹದಿನೈದರ ವಯಸ್ಸಿನಲ್ಲಿ ಗಾಡಿಗೆ ಇಂಜಿನ್ ಇದೆ, ಬ್ರೇಕು ಇನ್ನೂ ಕೂರಿಸುತ್ತಿದ್ದಾರೆ.

ಇನ್ನು ಸಂತೋಷದ ಸುದ್ದಿ. ಕೆನಡಾದ ಬ್ರೂಸ್ ಅಲೆಕ್ಸಾಂಡರ್ 1970ರ ದಶಕದ ಕೊನೆಯಲ್ಲಿ ಒಂದು ಮುಖ್ಯ ಪ್ರಶ್ನೆ ಕೇಳಿದರು. ಕಿರಿದಾದ ಪಂಜರದಲ್ಲಿ ಒಂಟಿಯಾಗಿರುವ ಇಲಿ ನಶೆಯನ್ನಲ್ಲದೆ ಇನ್ನೇನನ್ನು ಆರಿಸಿಕೊಂಡೀತು? ಅವರು ವಿಶಾಲವಾದ ಜಾಗ, ಆಟದ ಸಾಮಾನು, ಗಂಡು ಹೆಣ್ಣು ಮರಿಗಳ ಸಂಸಾರ ಇರುವ 'ಇಲಿ ಉದ್ಯಾನ' ಕಟ್ಟಿದರು. ಅಲ್ಲಿಯ ಇಲಿಗಳು ಮಾರ್ಫಿನ್ ಬೆರೆಸಿದ ನೀರನ್ನು ಒಂಟಿ ಇಲಿಗಳಿಗಿಂತ ಬಹಳ ಕಡಿಮೆ ಕುಡಿದವು. ಮತ್ತೆ ಮಾಡಿ ನೋಡಿದ ಎಲ್ಲರಿಗೂ ಅದೇ ಫಲಿತಾಂಶ ಬರಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ 2018ರಲ್ಲಿ ಅಮೆರಿಕದ ಮಾರ್ಕೊ ವೆನ್ನಿರೊ ಮತ್ತು ಜೊತೆಗಾರರು ಇನ್ನೂ ಬಿಗಿಯಾದ ಪರೀಕ್ಷೆ ಮಾಡಿದರು. ಒಂದು ಸನ್ನೆ ಒತ್ತಿದರೆ ನಶೆ, ಇನ್ನೊಂದು ಒತ್ತಿದರೆ ಮತ್ತೊಂದು ಇಲಿಯ ಜೊತೆ. ನಶೆಗೆ ದಾಸರಾಗಿದ್ದ ಇಲಿಗಳೂ ಹೆಚ್ಚುಕಡಿಮೆ ಪ್ರತಿ ಸಲವೂ ಜೊತೆಯನ್ನೇ ಆರಿಸಿದವು. ಒಂದೇ ಒಂದು ಷರತ್ತು: ಜೊತೆ ಕೂಡಲೇ ಸಿಗಬೇಕು. ಜೊತೆ ತಡವಾಗಿ ಸಿಕ್ಕರೆ, ಅಥವಾ ಜೊತೆಯ ಸನ್ನೆಗೆ ಶಿಕ್ಷೆ ಸೇರಿದರೆ, ಅವು ಮತ್ತೆ ನಶೆಯ ಕಡೆಗೇ ಹೋದವು.

ಇದಕ್ಕಿಂತ ದೊಡ್ಡ ಪಾಠವನ್ನು ನಾನು ಯಾವ ತರಬೇತಿಯಲ್ಲೂ ಕಲಿತಿಲ್ಲ.

"ಟೀಚರ್, ಇಲಿಗಳಿಗೆ ಹೀಗೆ ಹಿಂಸೆ ಕೊಡಬಹುದಾ?" ಎಂದು ನನ್ನ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಳು. ಒಳ್ಳೆಯ ಪ್ರಶ್ನೆ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ, ಇಂಥ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಆದರೂ ಆ ಪ್ರಾಣಿಗಳು ನೋವುಂಡಿವೆ ಎಂಬುದು ನಿಜ. ಅವು ನೋವುಂಡು ಕಲಿಸಿದ್ದನ್ನು ನಾವು ಕಲಿಯದೆ ಹೋದರೆ ಆ ನೋವಿಗೆ ಅರ್ಥವೇ ಇಲ್ಲ ಎಂದು ನಾನು ಅವಳಿಗೆ ಹೇಳಿದೆ.

ಇಲಿ ಮನುಷ್ಯನಲ್ಲ ಎಂಬುದನ್ನೂ ಮರೆಯಬಾರದು. ಇಲಿಗೆ ಇಜ್ಜತ್ ಎಂಬ ಚಿಂತೆ ಇಲ್ಲ. "ಯಾರ ಮಗ ಇವನು?" ಎಂದು ಕೇಳುವ ನೆರೆಹೊರೆ ಅದಕ್ಕಿಲ್ಲ. ನಮ್ಮ ಮನೆಗಳಲ್ಲಿ ಕಾಯಿಲೆಗಿಂತ ಈ ಮಾತಿಗೆ ಹೆಚ್ಚು ಹೆದರುತ್ತೇವೆ, ಆದ್ದರಿಂದ ಮುಚ್ಚಿಡುತ್ತೇವೆ. ಆದರೆ ಇಲಿಗೆ ಇಲ್ಲದ ಒಂದು ಭಾಗ್ಯ ನಮಗಿದೆ, ಅದು ಮಾತು. ಇಲಿ "ನನ್ನನ್ನು ಕಾಪಾಡಿ" ಎನ್ನಲಾರದು. ನಮ್ಮ ಮಗು ಹೇಳಬಲ್ಲದು, ಕೇಳಿಸಿಕೊಳ್ಳುವ ಕಿವಿ ಇದ್ದರೆ.

ಇದು ಯಾರೋ ಕೆಲವರ ಸಮಸ್ಯೆಯಲ್ಲ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಅಂಟು, ದ್ರಾವಕಗಳನ್ನು ಮೂಸುವ ಚಟ ಮಾತ್ರ ದೊಡ್ಡವರಿಗಿಂತ 10ರಿಂದ 17 ವರ್ಷದ ಮಕ್ಕಳಲ್ಲೇ ಹೆಚ್ಚು. ದೊಡ್ಡವರಲ್ಲಿ ಶೇಕಡಾ 0.58 ಇದ್ದರೆ ಮಕ್ಕಳಲ್ಲಿ ಶೇಕಡಾ 1.17. ಚಿಕಿತ್ಸೆಯ ನೆರವು ಬೇಕಾದ ಮಕ್ಕಳು ದೇಶದಲ್ಲಿ ಸುಮಾರು 4.6 ಲಕ್ಷ. ಶಾಲೆಯ 100 ಗಜದೊಳಗೆ ತಂಬಾಕು ಮಾರಬಾರದೆಂಬ ಕಾನೂನು 2003ರಲ್ಲೇ ಬಂದಿದೆ. ಮಗುವಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಕಠಿಣ ಸಜೆ ಇದೆ. ಆದರೆ ಸೈಕಲ್ ಟ್ಯೂಬಿಗೆ ಹಚ್ಚುವ ಅಂಟು ಯಾವ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಕಾಯುವ ಪೊಲೀಸರು ನಾವೇ, ಮನೆಯವರು ಮತ್ತು ಶಿಕ್ಷಕರು.

ಪೋಷಕರಲ್ಲಿ ನನ್ನ ವಿನಂತಿ ಇಷ್ಟು. ಬಟ್ಟೆಯಲ್ಲಿ ಪೆಟ್ರೋಲು, ಪೇಂಟು, ಅಂಟಿನ ವಾಸನೆ, ಬಾಯಿ ಮೂಗಿನ ಸುತ್ತ ಹುಣ್ಣು, ಕೆಂಪು ಕಣ್ಣು, ಇದ್ದಕ್ಕಿದ್ದಂತೆ ಹಳೆಯ ಗೆಳೆಯರನ್ನು ಬಿಡುವುದು, ಮನೆಯಲ್ಲಿ ಸಣ್ಣಪುಟ್ಟ ಹಣ ಮಾಯವಾಗುವುದು ಕಂಡರೆ ಮೊದಲು ಬಾಗಿಲು ಹಾಕಿ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ. ಕೈ ಎತ್ತಬೇಡಿ. ಕೋಣೆಯಲ್ಲಿ ಕೂಡಿಹಾಕಬೇಡಿ. ಬಹುಕಾಲದಿಂದ ವಿಪರೀತ ಕುಡಿಯುತ್ತಿರುವವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಾಪಾಯವೂ ಆಗಬಹುದು, ವೈದ್ಯರ ನೆರವು ಬೇಕೇ ಬೇಕು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಎರಡಕ್ಕೂ ಹಣ ಕೊಡಬೇಕಿಲ್ಲ. ಕೇಸಾಗುತ್ತದೆ ಎಂಬ ಭಯ ಬೇಡ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ ಕಲಮು 1985ರ ಮಾದಕ ವಸ್ತು ಕಾಯ್ದೆಯಲ್ಲೇ ಇದೆ, 64ಎ.

ಸಂಘದ ಹಿರಿಯರಲ್ಲಿ ಒಂದು ಬೇಡಿಕೆ. ನಾವು ಪ್ರತಿವರ್ಷ ಹೆಚ್ಚು ಅಂಕ ತೆಗೆದವರಿಗೆ ಬಹುಮಾನ ಕೊಡುತ್ತೇವೆ, ಕೊಡಲೇಬೇಕು. ಜೊತೆಗೆ ಶಾಲೆ ಬಿಟ್ಟ ಮಕ್ಕಳ ಒಂದು ಪಟ್ಟಿಯನ್ನೂ ಮಾಡೋಣ. ಸಂಜೆ ಒಂದು ಕೋಣೆ, ಒಂದು ಕೇರಂ ಬೋರ್ಡು, ಮಾತಾಡಲು ಒಬ್ಬ ಅಣ್ಣ ಇದ್ದರೂ ಸಾಕು. ಜೊತೆ ತಡವಾಗಬಾರದು ಎಂದು ಇಲಿ ಹೇಳಿದೆಯಲ್ಲ.

ಆ ಹುಡುಗನ ವಿಷಯ ಏನಾಯಿತು ಎಂದು ನೀವು ಕೇಳುತ್ತೀರಿ. ಕೆಂಪು ಗೆರೆ ಎಳೆದ ಏಳು ತಿಂಗಳ ಮೇಲೆ ನಾನು ಅವನ ಮನೆಗೆ ಹೋದೆ. ತಂದೆ ಮಾತಾಡಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ತಾಯಿ ಅಡುಗೆಮನೆಗೆ ಕರೆದು, "ಬಾಜಿ, ರಾತ್ರಿ ನಿದ್ದೆಯಲ್ಲಿ ಅಳ್ತಾನೆ. ಯಾರಿಗೆ ಹೇಳಲಿ ನಾನು?" ಎಂದರು. ನಾಲ್ಕನೆಯ ಸಲ ನಾವು ನಾಲ್ವರೂ ಒಂದೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದೆವು. ತಂದೆ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದರು, ಆದರೆ ಇಳಿಯುವಾಗ ಮಗನ ಕೈ ಹಿಡಿದುಕೊಂಡರು. ಆಮೇಲೆ ಎರಡು ಸಲ ಅವನು ಜಾರಿದ. ಎರಡು ಸಲವೂ ಮತ್ತೆ ಹೋದೆವು. ಮುಂದೇನಾಗುತ್ತದೆಂದು ನಾನು ಭರವಸೆ ಕೊಡಲಾರೆ. ಸದ್ಯಕ್ಕೆ ಅವನು ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತ, ಖಾಸಗಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಲು ಭಾನುವಾರ ನನ್ನ ಮನೆಗೆ ಬರುತ್ತಾನೆ. ಕೈ ಇನ್ನೂ ಸ್ವಲ್ಪ ನಡುಗುತ್ತದೆ. ಅಕ್ಷರ ಮೊದಲಿನಷ್ಟು ಮುದ್ದಾಗಿಲ್ಲ. ಆದರೆ ಓದಬಹುದು.

ವಿದ್ಯಾರ್ಥಿಗಳೇ, ನಿಮ್ಮ ಬೆಂಚಿನ ಮೇಲೆ ತಲೆಯಿಟ್ಟು ಮಲಗುವ ಗೆಳೆಯ ಇದ್ದರೆ, ನಾನು ಮಾಡಿದ್ದನ್ನು ನೀವು ಮಾಡಬೇಡಿ. ನಗಬೇಡಿ, ದೂರ ಸರಿಯಬೇಡಿ. ಅವನು ಕೊಟ್ಟದ್ದನ್ನು ಮುಟ್ಟಬೇಡಿ, ಆದರೆ ಅವನ ಕೈ ಬಿಡಬೇಡಿ. ನೀವು ನಂಬುವ ಒಬ್ಬ ದೊಡ್ಡವರಿಗೆ ಅಂದೇ ಹೇಳಿ. ನಾಳೆ ಎನ್ನಬೇಡಿ.